ಹುಳಿಹಿಟ್ಟಿನ ಸರದಿ

೧೯೯೯ನೇ ಇಸವಿ, ಮಾರ್ಚ್ ಇಪ್ಪತ್ತೆಂಟು, ಗರಿಗಳ ಭಾನುವಾರ, ಬೆಳಿಗ್ಗೆ ಹನ್ನೊಂದೂವರೆ. ಬಣಕಲ್ಲಿನಿಂದ ಸ್ವಲ್ಪ ಮೇಲೆ, ಎಸ್ಟೇಟಿನ ಬೇಲಿಗೆ ತಾಗಿದಂತಿರುವ ನಮ್ಮ ಚಿಕ್ಕ ದೇವಾಲಯದ ಪಕ್ಕದ ಕೋಣೆ. ಹಾಜರಿದ್ದವರು ಮೂವರು: ಮೂಡಿಗೆರೆಯಿಂದ ಬೈಕಿನಲ್ಲಿ ಬಂದು ಆರಾಧನೆ ನಡೆಸಿಕೊಡುತ್ತಿದ್ದ ಸಭಾಪಾಲಕರಾದ ಅಯ್ಯನವರು, ನಿವೃತ್ತ ಶಿಕ್ಷಕಿ ಫ್ಲಾರೆನ್ಸ್ ಟೀಚರ್, ಸಭೆಯ ಹಿರಿಯನೆಂದು ನಾನು. ಮಾತಾಡಬೇಕಾಗಿದ್ದ ವಿಷಯ ಒಂದೇ. ಮುಂದಿನ ಭಾನುವಾರ ಈಸ್ಟರ್. ಆರಾಧನೆಯಲ್ಲಿ ಮುರಿದು ಎಲ್ಲರಿಗೂ ಹಂಚುವ ಕರ್ತನ ಭೋಜನದ ರೊಟ್ಟಿ ಯಾರ ಮನೆಯಿಂದ ಬರಬೇಕು?

ಹತ್ತು ವರ್ಷ ಕಳೆದಿದೆ. ಹೋದ ತಿಂಗಳು ಒಂದು ಮದುವೆಗೆಂದು ಬಣಕಲ್ಲಿಗೆ ಹೋಗಿ ಬಸ್ಸಿನಿಂದ ಇಳಿದಾಗ ಕಾಫಿ ಹೂವಿನ ವಾಸನೆ ಮುಖಕ್ಕೆ ಬಂತು. ಹಿಂದಿನ ವಾರ ಮಳೆ ಬಿದ್ದಿತ್ತಂತೆ. ಗಿಡದ ಗೆಣ್ಣುಗೆಣ್ಣಿಗೂ ಬಿಳಿ ಹೂವು. ಮದುವೆಗೆ ಇನ್ನೂ ಹೊತ್ತಿತ್ತು. ದೇವಾಲಯದ ಕಡೆ ನಾಲ್ಕು ಹೆಜ್ಜೆ ಹೋಗಿ ಬಂದೆ. ಆ ವರ್ಷದ ಆ ವಾರ ಪೂರ್ತಿಯಾಗಿ ನೆನಪಿಗೆ ಬಂತು. ಅದನ್ನು ಕ್ರಮವಾಗಿ ಬರೆದಿಡುತ್ತೇನೆ.

ನಾನು ಆ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್ ಆಗಿದ್ದವನು. ಬೆಳೆದದ್ದು ಮಿಶನ್ನಿನ ಬೋರ್ಡಿಂಗ್ ಹೋಮಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಗಂಜಿ. ಆ ಅಭ್ಯಾಸ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ, ಬಿಡುವುದು ನನಗೆ ಬೇಕಾಗಿಯೂ ಇಲ್ಲ. ಹಾಸಿಗೆ ಮಡಿಸುವುದು, ವೇದಪಾಠ ಓದುವುದು, ಗಡ್ಡ ಹೆರೆಯುವುದು, ಎಲ್ಲಕ್ಕೂ ಒಂದು ಹೊತ್ತು ಇದ್ದರೆ ಮನಸ್ಸಿಗೆ ಜಾಗ ಸಿಗುತ್ತದೆ. ನಮ್ಮ ಸಭೆಯವರು ನನ್ನನ್ನು ಹಿರಿಯನನ್ನಾಗಿ ಆರಿಸಿದ್ದು ನನ್ನ ಭಕ್ತಿ ನೋಡಿ ಅಂತ ನಾನು ತಿಳಿದುಕೊಂಡಿಲ್ಲ. ಬೀಗ ಸರಿಯಾದ ಹೊತ್ತಿಗೆ ತೆಗೆಯುತ್ತಾನೆ, ಸರಿಯಾದ ಹೊತ್ತಿಗೆ ಹಾಕುತ್ತಾನೆ ಅಂತ ಆರಿಸಿದರು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಬೇರೆ ಸಭೆಗಳಲ್ಲಿ ಅದನ್ನು ನಾನು ಕಂಡಿಲ್ಲ. ಬಿಳಿ ದೊರೆಗಳ ಕಾಲದಲ್ಲಿ ಬಂಗಲೆಯ ಬಟ್ಲರ್ ಒಬ್ಬ ಬಗನಿ ಮರದ ಕಳ್ಳು ಬೆರೆಸಿ ಹಿಟ್ಟು ಹುಳಿ ಬರಿಸಿ ದೊರೆಗೆ ಬ್ರೆಡ್ ಮಾಡಿಕೊಡುತ್ತಿದ್ದನಂತೆ. ದೊರೆ ಊರು ಬಿಟ್ಟ ಮೇಲೆ ಬಟ್ಲರ್ ಆ ಹುಳಿಹಿಟ್ಟಿನ ಮುದ್ದೆಯನ್ನು ಎಸೆಯದೆ ಒಂದು ಪಿಂಗಾಣಿ ಭರಣಿಯಲ್ಲಿ ಮನೆಗೆ ತಂದ. ಕರ್ತನ ಭೋಜನದ ರೊಟ್ಟಿಯನ್ನು ಅದರಿಂದಲೇ ಮಾಡಿದ. ಸ್ವಲ್ಪ ಹಿಟ್ಟು ಉಳಿಸಿ ಮುಂದಿನ ಸಲಕ್ಕೆ ಪಕ್ಕದ ಮನೆಗೆ ಕೊಟ್ಟ. ಪಕ್ಕದ ಮನೆಯವರು ಹಾಗೇ ಮಾಡಿದರು. ಅಂದಿನಿಂದ ಭರಣಿ ಮೇಲಿನ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಹೊರಟು, ರಸ್ತೆಗುಂಟ ಒಂದೊಂದೇ ಮನೆ ಇಳಿಯುತ್ತ ಬಸ್ಸಿನ ರಸ್ತೆ ಮುಟ್ಟಿ, ಮತ್ತೆ ಮೇಲಕ್ಕೆ ಹೋಗುತ್ತಿತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ ಮಾಡಿದ ಮನೆಯವರು ಹುಳಿಹಿಟ್ಟಿಗೆ ದಿನಾ ಬೆಳಿಗ್ಗೆ ಒಂದು ಹಿಡಿ ಮೈದಾ, ಸ್ವಲ್ಪ ನೀರು ಹಾಕಿ ಕಲಸಿ ಬದುಕಿಸಿಟ್ಟು, ಮುಂದಿನ ಮನೆಗೆ ತಮ್ಮ ಕೈಯಿಂದಲೇ ಕೊಡಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸುವ ಹಾಗಿಲ್ಲ. ಕೊಡುವವರು "ನಿಮ್ಮ ಮನೆಗೆ ಸಮಾಧಾನ" ಅನ್ನಬೇಕು, ತೆಗೆದುಕೊಳ್ಳುವವರು "ನಿಮ್ಮ ಮನೆಗೂ" ಅನ್ನಬೇಕು. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟವರಿಗೆ ಇದು ಬಹಳ ಕಷ್ಟದ ಪದ್ಧತಿ. ಹಾಗೆಂದೇ ಹಳಬರು ಇದನ್ನು ಮಾಡಿಟ್ಟಿದ್ದರು ಅಂತ ಕಾಣುತ್ತದೆ.

"ಭರಣಿ ಈಗ ಎಲ್ಲಿದೆ?" ಅಯ್ಯನವರು ಕೇಳಿದರು. ಅವರು ನಮ್ಮ ಸಭೆಗೆ ಹೊಸಬರು, ವಯಸ್ಸಿನಲ್ಲೂ ಚಿಕ್ಕವರು.

"ಸಾಲೊಮಿ ಮನೇಲಿ," ಅಂದರು ಟೀಚರ್. "ತಿಂಗಳ ಮೊದಲಿಗೇ ಅವಳ ಸರದಿ ಮುಗೀತು. ಆದ್ರೂ ಅಲ್ಲೇ ಕೂತಿದೆ, ಬಾಣಂತನಕ್ಕೆ ಬಂದ ಮಗಳ ಹಾಗೆ."

"ಮುಂದಿನ ಮನೆ ಯಾರದು?"

ಟೀಚರ್ ನನ್ನ ಮುಖ ನೋಡಿದರು. "ಸಿಮಿಯೋನನದು," ಅಂದೆ.

ಅಯ್ಯನವರು ಹೊಸಬರಾದರೂ ಆ ಹೆಸರು ಅವರ ಕಿವಿಗೆ ಬಿದ್ದಿತ್ತು.

ಸಿಮಿಯೋನ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಅದಕ್ಕೂ ಕೆಲವು ವರ್ಷಗಳ ಹಿಂದೆ ಕಾಫಿ ಕೊಯ್ಲಿನ ಕಾಲದಲ್ಲಿ, ಒಂದು ಸಂಜೆ, ಕುಡಿದು ಟ್ರ್ಯಾಕ್ಟರ್ ಹತ್ತಿದ. ಹಿಂದಿನ ಟ್ರೇಲರಿನಲ್ಲಿ ಕಾಫಿ ಚೀಲಗಳ ಮೇಲೆ ಕೂತಿದ್ದವನು ಸಾಲೊಮಿಯ ಗಂಡ, ನಮ್ಮ ಮೇಸ್ತ್ರಿ ಬೆಂಜಮಿನ್. ಇಳಿಜಾರಿನ ತಿರುವಿನಲ್ಲಿ ಟ್ರೇಲರ್ ಮಗುಚಿತು. ಡಿಸ್ಪೆನ್ಸರಿಗೆ ಹೊತ್ತು ತಂದಾಗ ನಾನು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಕೋರ್ಟಿನಲ್ಲಿ ಸಿಮಿಯೋನ ತಪ್ಪು ಒಪ್ಪಿಕೊಂಡ. ಜೈಲಿಗೆ ಹೋದ. ಅವನು ಒಳಗಿದ್ದಾಗಲೇ ತಾಯಿ ತೀರಿಕೊಂಡಳು. ಮನೆಗೆ ಬೀಗ ಬಿತ್ತು. ಭರಣಿ ಆ ಮನೆ ದಾಟಿ, ಸಾಲೊಮಿ ಮನೆಯಿಂದ ನೇರ ಫ್ಲಾರೆನ್ಸ್ ಟೀಚರ್ ಮನೆಗೆ ಹೋಗುತ್ತಿತ್ತು. ಆ ವರ್ಷ ಫೆಬ್ರವರಿಯಲ್ಲಿ ಅವನು ಶಿಕ್ಷೆ ಮುಗಿಸಿ ಬಂದು ಬೀಗ ತೆಗೆದಿದ್ದ.

"ಒಂದು ಮನೆ ಬಿಟ್ಟು ನಂಗೇ ಕೊಡ್ಲಿ," ಅಂದರು ಟೀಚರ್. "ಇಷ್ಟು ದಿನ ಹಾಗೇ ಮಾಡಿಲ್ವ?"

"ಆಗ ಬೀಗ ಇತ್ತು ಟೀಚರ್. ಈಗ ಒಲೆ ಉರೀತಿದೆ."

"ಒಲೆ ಉರೀತಿದೆ ಅಂತ ಅವಳ ಹೊಟ್ಟೆ ಉರಿಸ್ತೀರಾ ಕಂಪೌಂಡ್ರೇ? ಗಂಡನ್ನ ಕಳ್ಕೊಂಡವಳು ಅವಳು. ನೀವಲ್ಲ, ನಾನಲ್ಲ."

ಅಯ್ಯನವರು, "ನಾನೇ ಮೂಡಿಗೆರೆ ಬೇಕರಿಯಿಂದ ಒಂದು ಬ್ರೆಡ್ ತಂದುಬಿಡ್ಲಾ?" ಅಂದರು.

"ಅಯ್ಯೋ, ಬೇಡ ಅಯ್ಯನೋರೇ. ಆ ಬ್ರೆಡ್ಡಿಗೆ ಕೆಂಪು ಹಸಿರು ಹಣ್ಣಿನ ಚೂರು ಹಾಕಿರ್ತಾರೆ. ಈಸ್ಟರ್ ದಿನ ಅದನ್ನ ಮುರಿದ್ರೆ ಜನ ನಗ್ತಾರೆ."

ಕೊನೆಗೆ ಅಯ್ಯನವರೇ ಒಂದು ಮಾತು ಹೇಳಿದರು. ಅದು ನನಗೆ ಹಿಡಿಸಿತು. "ಕ್ಷಮಿಸಿ ಅಂತ ನಾನು ಪೀಠದಿಂದ ಹೇಳಬಹುದು. ಸಾಲೊಮಿಯವರ ಬದಲಿಗೆ ನಾನು ಕ್ಷಮಿಸೋಕಾಗಲ್ಲ. ಯಾರೂ ಅವರನ್ನ ಒತ್ತಾಯ ಮಾಡೋದು ಬೇಡ. ರೊಟ್ಟಿ ಬರದಿದ್ರೆ ಬರದೇ ಇರಲಿ. ರೊಟ್ಟಿ ಇಲ್ಲ ಅಂತಲೇ ಹೇಳಿ ಪ್ರಾರ್ಥನೆ ಮಾಡೋಣ."

ಮಾತುಕತೆ ಅಲ್ಲಿಗೆ ಮುಗಿಯಿತು. ಟೀಚರ್ ಮಾತ್ರ ಕೊಡೆ ತೆಗೆದುಕೊಳ್ಳುತ್ತ, "ಈಸ್ಟರಿಗೆ ರೊಟ್ಟಿ ಇಲ್ಲವಂತೆ!" ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು.

ಮಂಗಳವಾರ ಸಂಜೆ ನಾನು ಸಾಲೊಮಿ ಮನೆಗೆ ಹೋದೆ. ಅವಳು ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಸಸಿಯ ಚೀಲಗಳಿಗೆ ಮಣ್ಣು ತುಂಬುವ ಕೆಲಸ ಮುಗಿಸಿ ಆಗಷ್ಟೇ ಬಂದು ಕೈಕಾಲು ತೊಳೆದಿದ್ದಳು.

"ಭರಣಿ ಕೇಳೋಕೆ ಬಂದ್ರಾ?"

"ನಿನ್ನ ನೋಡೋಕೆ ಬಂದೆ."

"ನನ್ನೇನು ನೋಡ್ತೀರಿ. ಭರಣೀನೇ ನೋಡಿ. ನನಗಿಂತ ಚೆನ್ನಾಗಿದೆ."

ಅಡುಗೆಮನೆಯ ಗೂಡಿನಲ್ಲಿ ಭರಣಿ ಇತ್ತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ಬಟ್ಟೆ ಬಿಚ್ಚಿ ತೋರಿಸಿದಳು. ಹಿಟ್ಟು ಉಬ್ಬಿ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಹುಳಿಯಾದರೂ ಹಿತವಾದ ವಾಸನೆ. ದಿನಾ ಹಿಟ್ಟು ಹಾಕುತ್ತ ಹೋದರೆ ಭರಣಿ ತುಂಬಿ ಹೋಗುತ್ತದೆ. ಅದಕ್ಕೆ ಅರ್ಧ ತೆಗೆದು ದೋಸೆ ಮಾಡಿಕೊಳ್ಳಬೇಕು. ನನಗೂ ಎರಡು ದೋಸೆ ಹುಯ್ದು ಕೊಟ್ಟಳು.

"ಈ ತಿಂಗಳು ಪೂರ್ತಿ ಇದೇ ತಿಂದು ಹಲ್ಲೆಲ್ಲ ಚುಳುಚುಳು ಅಂತಿದೆ," ಅಂದಳು. ಆಮೇಲೆ ಒಲೆಯ ಕಡೆ ಮುಖ ಮಾಡಿ ಹೇಳತೊಡಗಿದಳು. "ಟೀಚರಮ್ಮಂಗೆ ಕೊಟ್ಬಿಡು ಅಂತ ಎಲ್ರೂ ಹೇಳ್ತಾರೆ. ಟೀಚರಮ್ಮನ ಮನೆಗೆ ಹೋಗೋಕೆ ಅವನ ಬಾಗಿಲು ದಾಟಿಯೇ ಹೋಗ್ಬೇಕಲ್ಲ? ಒಂದ್ಸಲ ಹೊರಟೆ. ಅವನು ಜಗಲಿ ಮೇಲೆ ಕೂತಿದ್ದ. ನಾನು ಭರಣೀನ ಸೆರಗಿನೊಳಗೆ ಮುಚ್ಕೊಂಡೆ. ಮುಚ್ಕೊಂಡ ಮೇಲೆ ನಂಗೇ ಅನ್ನಿಸ್ತು, ತಪ್ಪು ಮಾಡಿದವನು ಅವನು, ಕಳ್ಳಿ ಹಾಗೆ ಹೋಗೋದು ನಾನಾ? ವಾಪಸ್ ಬಂದ್ಬಿಟ್ಟೆ."

"ಸರಿ," ಅಂದೆ.

"ಸರಿ ಅಲ್ಲ ಕಂಪೌಂಡ್ರೇ. ಅವನಿಗೆ ಕೊಡೋಕೂ ನಂಗಾಗ್ತಿಲ್ಲ, ಅವನನ್ನ ಬಿಟ್ಟು ಮುಂದೆ ಹೋಗೋಕೂ ಆಗ್ತಿಲ್ಲ. ಬೆಳಿಗ್ಗೆ ಎದ್ದು ಹಿಟ್ಟು ಹಾಕ್ಬೇಕಾದ್ರೆ ಅವನ ಹೆಸರೇ ಬಾಯಿಗೆ ಬರುತ್ತೆ. ಬೈಕೊಂಡು ಬೈಕೊಂಡೇ ಹಾಕ್ತೀನಿ. ಎಷ್ಟು ಬೈದ್ರೂ ಉಬ್ಬುತ್ತೆ ಅದು, ಮಾರಾಯ್ರೇ."

ಅಷ್ಟು ಹೇಳಿ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಹೆಚ್ಚು ನೋಡಿರಲಿಲ್ಲ.

ಮರುದಿನ ಸಿಮಿಯೋನ ನನ್ನ ಮನೆಗೆ ಬಂದ. ಡ್ರೈವರ್ ಕೆಲಸ ಅವನಿಗೆ ಯಾರೂ ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ. ಬೇಸಿಗೆಯಲ್ಲಿ ಹೂವು ಬರಿಸಲೆಂದು ತೋಟಕ್ಕೆ ಸ್ಪ್ರಿಂಕ್ಲರ್ ನೀರು ಹಾಕುತ್ತಾರೆ. ಕಬ್ಬಿಣದ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಅಂಗೈ ಕಿತ್ತುಹೋಗಿತ್ತು. ನಾನು ನಿವೃತ್ತನಾಗಿದ್ದರೂ ಗಾಯ ಕಟ್ಟಿಸಿಕೊಳ್ಳಲು ಜನ ಮನೆಗೇ ಬರುತ್ತಿದ್ದರು. ಕೈ ತೊಳೆದು ಔಷಧಿ ಹಚ್ಚುತ್ತಿದ್ದೆ. ಅವನು ನೋವಾದರೂ ಕೈ ಎಳೆದುಕೊಳ್ಳಲಿಲ್ಲ.

"ಕಂಪೌಂಡ್ರೇ, ಕಳಸದ ಹತ್ರ ಒಂದು ತೋಟದಲ್ಲಿ ಕೆಲಸ ಇದೆಯಂತೆ. ಶನಿವಾರ ಬೆಳಿಗ್ಗೆ ಬಸ್ಸಿಗೆ ಹೋಗ್ಬಿಡೋಣ ಅಂತ."

"ಹಬ್ಬ ಮುಗಿಸ್ಕೊಂಡು ಹೋಗು."

"ಹಬ್ಬಕ್ಕೆ ನಾನಿಲ್ದಿದ್ರೆ ಎಲ್ರಿಗೂ ಸುಲಭ ಅಲ್ವ? ಭರಣಿ ಎಲ್ಲಿ ನಿಂತಿದೆ ಅಂತ ನಂಗೊತ್ತು. ನನ್ನಿಂದ ಸರದಿ ನಿಂತೋಯ್ತು ಅನ್ನೋದು ಬೇಡ. ಮನೆಗೆ ಮತ್ತೆ ಬೀಗ ಹಾಕಿದ್ರೆ ಭರಣಿ ಮುಂದೆ ಹೋಗುತ್ತೆ."

"ಆಮೇಲೆ ಯಾವಾಗ ವಾಪಸ್ ಬರ್ತೀಯ?"

"ವಾಪಸ್ ಬರೋದು ಎಂತಕ್ಕೆ?"

ಇಬ್ಬರ ಮಾತೂ ನನ್ನೊಬ್ಬನಿಗೇ ಗೊತ್ತಿತ್ತು. ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸಬಹುದಿತ್ತು. ಮುಟ್ಟಿಸಲಿಲ್ಲ. ಸಿಮಿಯೋನ ಊರು ಬಿಡುತ್ತಾನೆ ಅಂತ ಸಾಲೊಮಿಗೆ ಹೇಳಿದರೆ ಅದೂ ಒಂದು ಒತ್ತಾಯವೇ. ಕಟ್ಟು ಕಟ್ಟಿ, "ನೀರು ಸೋಕಿಸಬೇಡ" ಅಂತ ಹೇಳಿ ಕಳಿಸಿದೆ.

ಆ ರಾತ್ರಿ ಊಟದ ನಂತರ ಎಂದಿನಂತೆ ಪ್ರಾರ್ಥನೆಗೆ ಕೂತೆ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಮೂರನೆಯ ದಿನ ಎದ್ದನು, ಅವನ ಮೂಲಕ ದೇವರು ನಮ್ಮನ್ನು ಕ್ಷಮಿಸಿ ಮಕ್ಕಳೆಂದು ಸೇರಿಸಿಕೊಂಡಿದ್ದಾನೆ. ನಮ್ಮ ನಂಬಿಕೆಯ ತಿರುಳು ಇಷ್ಟೇ. ಬೋರ್ಡಿಂಗ್ ಹೋಮಿನಲ್ಲಿ ಗಂಜಿಗೆ ಮುಂಚೆ ಇದನ್ನು ಸಾವಿರ ಸಲ ಹೇಳಿದವನು ನಾನು. ಹೇಳಿ ಹೇಳಿ ನಾಲಿಗೆಗೆ ಅದು ಎಷ್ಟು ಸಲೀಸಾಗುತ್ತದೆ ಅಂದರೆ, ಒಳ್ಳೆಯ ಸುದ್ದಿ ಅಂತ ಅದಕ್ಕೆ ಯಾಕೆ ಹೆಸರಿಟ್ಟರು ಅನ್ನುವುದು ಮರೆತುಹೋಗುತ್ತದೆ. ಆ ವಾರ ಮಾತ್ರ ಆ ಮಾತುಗಳನ್ನು ಹೇಳುವಾಗ ಎರಡು ಮನೆಗಳು ಕಣ್ಣ ಮುಂದೆ ಬಂದವು. ಇದು ಸಾಲೊಮಿಗೆ ಸುದ್ದಿಯೇ? ಅವಳ ಗಂಡನನ್ನು ಕೊಂದವನನ್ನೂ ದೇವರು ಸೇರಿಸಿಕೊಂಡ ಅನ್ನುವುದು ಅವಳ ಕಿವಿಗೆ ಹೇಗೆ ಕೇಳಿಸಬೇಕು? ಸಿಮಿಯೋನನಿಗೆ ಇದು ಸುದ್ದಿಯಾಗಬೇಕಾದರೆ ಯಾರ ಬಾಯಿಂದ, ಯಾರ ಕೈಯಿಂದ ಬರಬೇಕು? ಉತ್ತರ ಸಿಗದೆ ಆಮೆನ್ ಅಂದು ಎದ್ದೆ. ಆದರೆ ಬಹಳ ದಿನದ ನಂತರ ಆ ಮಾತುಗಳ ತೂಕ ತಿಳಿದು ಹೇಳಿದ್ದೆ.

ಶುಭ ಶುಕ್ರವಾರ ಬೆಳಗಾಗುವಾಗ ತೋಟವೆಲ್ಲ ಬಿಳಿ. ಹಿಂದಿನ ವಾರದ ಮಳೆಗೆ ಕಾದಿದ್ದ ಮೊಗ್ಗೆಲ್ಲ ಒಟ್ಟಿಗೆ ಅರಳಿತ್ತು. ಜೇನುಹುಳಗಳ ಸದ್ದು ದೇವಾಲಯದ ಒಳಕ್ಕೂ ಕೇಳುತ್ತಿತ್ತು. ಆರಾಧನೆ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಆ ದಿನ ಗಂಟೆ ಹೊಡೆಯುವುದಿಲ್ಲ, ಯಾರೂ ನಿಂತು ಮಾತಾಡುವುದಿಲ್ಲ. ಎಲ್ಲರೂ ಹೋದರು. ಸಿಮಿಯೋನ ಎಂದಿನಂತೆ ಕೊನೆಯ ಬೆಂಚಿನಿಂದ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗಿದ್ದ.

ಕಿಟಕಿ ಹಾಕಿ ಹೊರಗೆ ಬಂದಾಗ ಸಾಲೊಮಿ ಮೆಟ್ಟಿಲ ಹತ್ತಿರ ನಿಂತಿದ್ದಳು. ಮನೆಗೆ ಹೋಗಿ ಭರಣಿ ತಂದಿದ್ದಳು. ಸೆರಗಿನಲ್ಲಿ ಮುಚ್ಚಿರಲಿಲ್ಲ.

"ಕಂಪೌಂಡ್ರೇ, ನೀವೇ ಕೊಟ್ಬಿಡಿ ಅವನಿಗೆ."

"ಹಾಗೆ ಕೊಡೋಕೆ ಬರಲ್ಲ ಸಾಲೊಮಿ."

"ಬರಲ್ಲ ಅಂತ ಗೊತ್ತು. ಒಂದ್ಸಲ ಕೇಳಿ ನೋಡ್ದೆ." ಭರಣಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. "ಜೊತೆಗೆ ಬರ್ತೀರಾ?"

"ಬರ್ತೀನಿ."

"ದಾರೀಲಿ ಬುದ್ಧಿ ಹೇಳ್ಬಾರ್ದು."

ಹೇಳಲಿಲ್ಲ. ಎಸ್ಟೇಟ್ ರಸ್ತೆಯಲ್ಲಿ ಇಳಿದೆವು. ಎರಡೂ ಕಡೆ ಹೂವು. ಅವಳು ಎದುರಿಗೆ ನೋಡುತ್ತಲೇ ನಡೆದಳು. ಟ್ರೇಲರ್ ಮಗುಚಿದ ತಿರುವು ಆ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ನಿಂತಳು. ನಾನೂ ನಿಂತೆ. ಸೆರಗಿನಿಂದ ಮುಖ ಒರೆಸಿಕೊಂಡಳು. "ನಡೀರಿ," ಅಂದಳು.

ಸಿಮಿಯೋನನ ಮನೆ ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ತಗಡಿನ ಟ್ರಂಕು ಇತ್ತು. ಅವನು ಕಟ್ಟು ಕಟ್ಟಿದ ಕೈಯಲ್ಲಿ ಅದಕ್ಕೆ ಹಗ್ಗ ಬಿಗಿಯಲು ಹೆಣಗಾಡುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಸಾಲೊಮಿ ಮೊದಲು ನೋಡಿದ್ದು ಟ್ರಂಕನ್ನು.

"ಎಲ್ಲಿಗೆ ಹೊರಟೆ?"

"ಕಳಸಕ್ಕೆ... ಸಾಲೊಮಕ್ಕ."

"ಚೆನ್ನಾಗಿದೆ. ಸರದಿ ಬಂದಾಗ ಊರು ಬಿಡೋದು." ಭರಣಿಯನ್ನು ಮುಂದೆ ಹಿಡಿದಳು. "ತಗೋ."

ಅವನ ಕೈ ಮೇಲೇಳಲಿಲ್ಲ. "ನಂಗೆ ಯೋಗ್ಯತೆ ಇಲ್ಲ ಅಕ್ಕ."

"ಇಲ್ಲ ಅಂತ ನಂಗೊತ್ತಿಲ್ವ? ನಿನಗಿಂತ ಚೆನ್ನಾಗಿ ಗೊತ್ತು. ಯೋಗ್ಯತೆ ಯಾರು ಕೇಳಿದ್ರು ಇಲ್ಲಿ? ನಿನ್ನ ಮನೆ ಸರದಿ ಇದು. ಕೈ ನೋಯ್ತಿದೆ, ಹಿಡ್ಕೋ ಬೇಗ."

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಭರಣಿಯ ಮೇಲೆ ಒಂದು ಕ್ಷಣ ಇಬ್ಬರ ಕೈಯೂ ಇತ್ತು. ಆಮೇಲೆ ಅವಳು ಬಿಟ್ಟಳು. ಹೇಳಬೇಕಾದ ಸಮಾಧಾನದ ಮಾತಿಗೆ ಅವನು ಕಾಯುತ್ತಿದ್ದ, ನಾನೂ ಕಾಯುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು. "ಆ ಮಾತು ನನ್ನ ಬಾಯಿಗೆ ಬರಲ್ಲ. ಸುಳ್ಳು ಹೇಳಲ್ಲ. ಭರಣಿ ಕೊಟ್ಟಿದೀನಿ. ಇವತ್ತಿಗೆ ಇಷ್ಟೇ." ಮತ್ತೆ ಅವನಿಗೆ ಹೇಳಿದಳು: "ನಾಳೆ ಬೆಳಿಗ್ಗೆ ಹಿಟ್ಟು ಹಾಕು. ಉಪ್ಪು ಭರಣಿಗೆ ಹಾಕ್ಬೇಡ, ಸತ್ತೋಗುತ್ತೆ. ಉಪ್ಪು ರೊಟ್ಟಿ ಹಿಟ್ಟಿಗೆ ಮಾತ್ರ. ನಿಮ್ಮಮ್ಮನ ಪಾತ್ರೆ ಇದೆಯಾ?"

"ಇದೆ."

"ತುಕ್ಕು ಹಿಡಿದಿರುತ್ತೆ. ತಿಕ್ಕು."

ಅವಳು ತನ್ನ ಮನೆ ಕಡೆ ಹೋದಳು. ಸಿಮಿಯೋನ ಭರಣಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದ. ಕೊನೆಗೆ ಟ್ರಂಕಿನ ಮೇಲೆ ಇಟ್ಟ. ಟ್ರಂಕಿನ ಮೇಲಿಂದ ಜಾರಿ ಬಿದ್ದೀತು, ಒಳಗೆ ಒಲೆಯ ಹತ್ತಿರ ಇಡು ಅಂತ ಹೇಳಿ ನಾನೂ ಹೊರಟೆ.

ಶನಿವಾರ ಕಳಸದ ಬಸ್ಸು ಹೋಯಿತು. ಅವನು ಹತ್ತಲಿಲ್ಲ. ಮಧ್ಯಾಹ್ನ ನಾನು ದೇವಾಲಯ ಗುಡಿಸಿ, ಬೆಂಚು ಒರೆಸಿ, ಕಾಫಿ ಹೂವಿನ ರೆಂಬೆ ಎರಡು ತರಲೆಂದು ರಸ್ತೆಗೆ ಬಂದಾಗ ಸೀದ ವಾಸನೆ ಬಂತು. ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಅದರೊಳಗೆ ಹಿಟ್ಟಿನ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ನಮ್ಮವರು ರೊಟ್ಟಿ ಬೇಯಿಸುತ್ತಾರೆ. ಸಿಮಿಯೋನ ತಾಯಿ ಮಾಡುವುದನ್ನು ನೋಡಿದ್ದ ಅಷ್ಟೇ. ಅಂಗಳದಲ್ಲಿ ಒಲೆ ಹೂಡಿ ಹೊಗೆಯ ಮಧ್ಯೆ ಕೂತಿದ್ದ. ಸಾಲೊಮಿ ಪಕ್ಕದ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಡೆದೂ ತಡೆದೂ ಕೊನೆಗೆ ಬೇಲಿಯ ಈಚೆಯಿಂದಲೇ ಕೂಗಿದಳು.

"ಕೆಂಡ ಕೆಳಗೆ ಕಮ್ಮಿ ಮಾಡು ಮಾರಾಯ! ಮೇಲೆ ಹಾಕು! ಹೆಣ ಸುಡ್ತಿದೀಯಾ?"

"ಒಂದು ಹೊತ್ತೋಯ್ತು ಅಕ್ಕ. ಇದು ಎರಡನೇದು."

"ಭರಣಿಗೆ ಉಳಿಸ್ದೆಯಾ? ಇಲ್ಲ ಅದನ್ನೂ ಸುಟ್ಟೆಯಾ?"

"ಉಳಿಸಿದೀನಿ."

ನಾನು ಹೂವು ಮುರಿದುಕೊಂಡು ಬಂದುಬಿಟ್ಟೆ. ಆ ಹೊತ್ತಿನಲ್ಲಿ ಅಲ್ಲಿ ಮೂರನೆಯವನ ಅಗತ್ಯ ಇರಲಿಲ್ಲ.

ಈಸ್ಟರ್ ಭಾನುವಾರ ಬೆಳಕು ಹರಿಯುವ ಮೊದಲೇ ಸಮಾಧಿ ತೋಟದಲ್ಲಿ ಹಾಡಿದೆವು. ಬೆಂಜಮಿನ್‌ನ ಸಮಾಧಿಯ ಮೇಲೆ ಸಾಲೊಮಿ ಮೇಣದ ಬತ್ತಿ ಹಚ್ಚಿದಳು. ಸಿಮಿಯೋನ ಗೇಟಿನ ಹೊರಗೇ ನಿಂತಿದ್ದ. ಎಂಟೂವರೆಗೆ ಅವನು ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತಂದು ಪಕ್ಕದ ಕೋಣೆಯ ಮೇಜಿನ ಮೇಲಿಟ್ಟ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ತಳ ಕಪ್ಪು. ಆದರೆ ಉಬ್ಬಿತ್ತು.

ಅವನು ಹೋಗುತ್ತಿದ್ದ ಹಾಗೇ ಫ್ಲಾರೆನ್ಸ್ ಟೀಚರ್ ಬಂದರು. ಅವರ ಬುಟ್ಟಿಯಲ್ಲೂ ಒಂದು ರೊಟ್ಟಿ. ಮೂಡಿಗೆರೆಯಿಂದ ಯೀಸ್ಟ್ ತರಿಸಿ, ಯಾರಿಗೂ ಹೇಳದೆ ಮಾಡಿದ್ದರು. ದುಂಡಗೆ, ಹೊಂಬಣ್ಣಕ್ಕೆ, ಮೇಲೆ ಬೆಣ್ಣೆ ಸವರಿ. ಎರಡನ್ನೂ ಪಕ್ಕಪಕ್ಕ ಕಂಡು ಅಯ್ಯನವರು ನನ್ನ ಮುಖ ನೋಡಿದರು.

"ನಾನು ಒಳ್ಳೇದಕ್ಕೇ ಮಾಡಿದ್ದು," ಅಂದರು ಟೀಚರ್. "ಅವಳ ಬಾಯಿಗೆ ಅವನ ಕೈಯ ರೊಟ್ಟಿ ಹೇಗೆ ಇಳಿಯುತ್ತೆ ಅಂತ."

"ಭರಣಿ ಅವಳೇ ಕೊಟ್ಟು ಬಂದಳು ಟೀಚರ್. ನಾನು ನೋಡಿದೆ."

"ಸಾಲೊಮೀನಾ? ಅವಳೇ?"

"ಅವಳೇ."

ಟೀಚರ್ ಸಿಮಿಯೋನನ ರೊಟ್ಟಿಯನ್ನು ಕೈಗೆತ್ತಿಕೊಂಡರು. ತಳದ ಕಪ್ಪನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದರು. ಬೆಳ್ಳಿಯ ತಟ್ಟೆಯ ಮೇಲೆ ಅದನ್ನಿಟ್ಟು, ಸೊಟ್ಟ ಕಡೆ ಹಿಂದಕ್ಕೆ ಬರುವಂತೆ ತಿರುಗಿಸಿ, ಮೇಲೆ ಬಟ್ಟೆ ಮುಚ್ಚಿದರು. ತಮ್ಮ ರೊಟ್ಟಿಯನ್ನು ಬುಟ್ಟಿಗೆ ಹಾಕಿಕೊಂಡು, "ಇದು ಆಮೇಲೆ ಕಾಫಿಗೆ ಆಗುತ್ತೆ. ಬೆಣ್ಣೆ ಬೇರೆ ಹಾಕಿದೀನಿ," ಅಂದರು.

ಆರಾಧನೆ ಒಂಬತ್ತಕ್ಕೆ ಸರಿಯಾಗಿ ಶುರುವಾಯಿತು. ಅಯ್ಯನವರು ರೊಟ್ಟಿ ಎತ್ತಿ ಮುರಿದರು. ಸೀದ ಭಾಗ ಮುರಿಯುವಾಗ ಸದ್ದು ಬಂತು. ಜನ ಸಾಲಾಗಿ ಎದ್ದು ಬಂದು ಮೊಣಕಾಲೂರಿದರು. ನಾನು ಪಕ್ಕದಲ್ಲಿ ದ್ರಾಕ್ಷಾರಸದ ಪಾತ್ರೆ ಹಿಡಿದು ನಿಂತಿದ್ದೆ. ಸಾಲೊಮಿ ಬಂದಳು. ಒಳಗಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅಯ್ಯನವರ ಕೈಯಿಂದ ತುಣುಕು ತೆಗೆದುಕೊಂಡಳು. ಅಂಗೈಯಲ್ಲಿ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಪಕ್ಕದಲ್ಲಿದ್ದವರು ಎದ್ದು ಹೋಗಿ ಬೇರೆಯವರು ಬಂದು ಮೊಣಕಾಲೂರಿದರು. ಆಮೇಲೆ ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿ, ರಸ ಕುಡಿದು, ಎದ್ದು ತನ್ನ ಜಾಗಕ್ಕೆ ಹೋದಳು.

ಕೊನೆಯ ಬೆಂಚಿನವರೂ ಬಂದು ಹೋದರು. ಸಿಮಿಯೋನ ಬರಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದ. ಅಯ್ಯನವರು ಅವನ ಕಡೆ ನೋಡಿ ಸ್ವಲ್ಪ ಹೊತ್ತು ಕಾದರು. ಅವನು ಏಳಲಿಲ್ಲ. ಕೊನೆಯ ಹಾಡು ಹಾಡಿದೆವು. ಅಂದು ಅವನು ಆಶೀರ್ವಾದಕ್ಕೆ ಮುಂಚೆ ಎದ್ದುಹೋಗಲಿಲ್ಲ, ಅದೊಂದೇ ಬದಲಾವಣೆ.

ಹೊರಗೆ ಕಾಫಿ, ಟೀಚರ್ ರೊಟ್ಟಿ, ಮಕ್ಕಳ ಗಲಾಟೆ. ಅದೂ ಮುಗಿಯಿತು. ಅಯ್ಯನವರಿಗೆ ಮೂಡಿಗೆರೆಯಲ್ಲಿ ಇನ್ನೊಂದು ಆರಾಧನೆ ಇತ್ತು, ಬೈಕ್ ಹತ್ತಿ ಹೋದರು. ಪಾತ್ರೆ ತೊಳೆಯುವ ಸರದಿ ಆ ತಿಂಗಳು ಸಾಲೊಮಿಯದು. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಸಿಮಿಯೋನ ತಾನು ರೊಟ್ಟಿ ಸುತ್ತಿ ತಂದಿದ್ದ ಬಟ್ಟೆ ಒಯ್ಯಲೆಂದು ಬಾಗಿಲಲ್ಲಿ ಬಂದು ನಿಂತ.

ತಟ್ಟೆಯಲ್ಲಿ ರೊಟ್ಟಿಯ ದೊಡ್ಡದೊಂದು ತುಂಡು ಉಳಿದಿತ್ತು. ಕರ್ತನ ಭೋಜನದ ರೊಟ್ಟಿ ಮಿಕ್ಕಿದರೆ ಅದನ್ನು ಮರುದಿನಕ್ಕೆ ಇಡುವುದಿಲ್ಲ, ಎಸೆಯುವುದಿಲ್ಲ. ಅಲ್ಲಿದ್ದವರೇ ತಿಂದು ಮುಗಿಸಬೇಕು. ನಾನು ಅದನ್ನು ಮೂರು ಮಾಡಬೇಕೋ ಎರಡು ಮಾಡಬೇಕೋ ಎಂದು ನೋಡುತ್ತಿದ್ದೆ. ಸಾಲೊಮಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಮೂರು ತುಂಡು ಮಾಡಿದಳು. ಒಂದನ್ನು ನನಗೆ ಕೊಟ್ಟಳು. ಒಂದನ್ನು ಮೇಜಿನ ಆ ತುದಿಗೆ ಸರಿಸಿ, ಬೆಂಚನ್ನು ಕಾಲಿನಿಂದ ಮುಂದೆ ನೂಕಿದಳು.

"ಕೂತ್ಕೋ."

"ಬೇಡ ಅಕ್ಕ, ನಾನು..."

"ನಾನು ನಿನ್ನ ಕೈಯದು ತಿಂದಿದೀನಿ. ನೀನು ತಿನ್ನಲ್ಲ ಅಂದ್ರೆ ಏನು ಅರ್ಥ? ಕೂತ್ಕೋ."

ಅವನು ಕೂತ. ತುಂಡು ಬಾಯಿಗಿಟ್ಟ. ಅಗಿಯುತ್ತಿದ್ದವನು ಅಳತೊಡಗಿದ. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ, ಅಗಿಯುತ್ತಲೇ ಅತ್ತ. ಸಾಲೊಮಿ ಅವನ ಎದುರಿಗೆ ಕೂತು ತನ್ನ ಪಾಲು ತಿಂದಳು. ನಾನು ಪ್ರಾರ್ಥನೆ ಮಾಡಬೇಕೇನೋ ಅಂದುಕೊಂಡೆ. ಅದು ಆಗಲೇ ನಡೆಯುತ್ತಿದೆ ಅನಿಸಿ ನನ್ನ ತುಂಡು ತಿಂದೆ.

"ಉಪ್ಪು ಜಾಸ್ತಿಯಾಗಿದೆ," ಅಂದಳು ಅವಳು ತಿಂದು ಮುಗಿಸಿ.

"ಹೌದಕ್ಕ," ಅಂದ ಅವನು, ಮೂಗು ಒರೆಸಿಕೊಳ್ಳುತ್ತ.

ಅವನು ತಟ್ಟೆ ತೊಳೆದ. ಅವಳು ಒರೆಸಿದಳು. ನಾನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.